ಏಳೋ, ಹನ್ನೊಂದೋ?

ಶಿಶಿರನ ತಲೆಯ ಮೇಲೆ ಬಿದ್ದ ಕಲ್ಲು ಅವನೇ ಮೇಲಕ್ಕೆಸೆದದ್ದು. ಮೂರು ವಾರದ ಹಿಂದೆ ಸೋದರಮಾವ ತ್ರ್ಯಂಬಕ ಶಾಸ್ತ್ರಿಗಳಿಗೆ ಹೊಸ ಲ್ಯಾಪ್‌ಟಾಪ್ ತಂದುಕೊಡದೇ ಇದ್ದಿದ್ದರೆ ಇಷ್ಟೊತ್ತಿಗೆ ಅವನ ಮದುವೆ ನಿಶ್ಚಯವಾಗಿರುತ್ತಿತ್ತು.

ಶಾಸ್ತ್ರಿಗಳು ಕುಮಟಾ ಪಕ್ಕದ ಹೊಳನಗದ್ದೆಯಲ್ಲಿ ಜಾತಕ ನೋಡುವವರು. ಹದಿನಾಲ್ಕು ವರ್ಷದಿಂದ ಅವರ ಜಗಲಿಯ ಮೂಲೆಯಲ್ಲಿ ವಿಂಡೋಸ್ ಏಳು ಇರುವ ಒಂದು ದಪ್ಪ ಕಂಪ್ಯೂಟರ್ ಕೂತಿತ್ತು. ಒಳಗೆ ಜಾತಕ ಹೊಂದಿಸುವ ಸಾಫ್ಟ್‌ವೇರ್. ಚಾಲೂ ಮಾಡಿದರೆ ಮೊದಲು 'ಕುಂಯ್' ಎನ್ನುತ್ತಿತ್ತು. ಆಮೇಲೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಗೊಣಗುತ್ತಿತ್ತು. ಅದು ಯಂತ್ರದ ಮಂಗಳಾಚರಣೆ ಇರಬೇಕೆಂದು ಶಾಸ್ತ್ರಿಗಳು ಓದದೆಯೇ ಒಂದು ಕೀಲಿ ಒತ್ತಿ, ಚಾ ಕುಡಿಯಲು ಒಳಗೆ ಹೋಗುತ್ತಿದ್ದರು. ಚಾ ಮುಗಿಸಿ ಬರುವಷ್ಟರಲ್ಲಿ ಯಂತ್ರ ಎದ್ದು ಕೂತಿರುತ್ತಿತ್ತು.

ಶಿಶಿರ ಹೊನ್ನಾವರದ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಮಾಸ್ತರ. 'ಹಳೇದನ್ನ ಹಿಡಕೊಂಡು ಕೂತವ ಉದ್ಧಾರ ಆಗೂದಿಲ್ಲ' ಎಂದು ದಿನಕ್ಕೆ ಮೂರು ಸಲ ಮಕ್ಕಳಿಗೆ ಹೇಳುವವನ ಸ್ವಂತ ಮಾವ ವಿಂಡೋಸ್ ಏಳು ಇಟ್ಟುಕೊಳ್ಳುವುದೆಂದರೇನು? ವಿಂಡೋಸ್ ಹನ್ನೊಂದು ಇರುವ ಲ್ಯಾಪ್‌ಟಾಪ್ ತಂದ. ಹಳೇ ಸಾಫ್ಟ್‌ವೇರ್ ಅದರಲ್ಲಿ ಕೂರಲಿಲ್ಲ. ಹಾಗಾಗಿ ಅದಕ್ಕೂ ಹೊಸತೊಂದನ್ನು ಹಾಕಿಸಿದ. ಹಳೇದನ್ನು ಗುಜರಿಗೆ ಕೊಡು ಎಂದು ಮಾವನಿಗೆ ಉಪದೇಶವನ್ನೂ ಮಾಡಿದ. ಶಾಸ್ತ್ರಿಗಳು ಮಾತ್ರ ಅದನ್ನು ಮೂಲೆಯಿಂದ ಕದಲಿಸಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಭಟ್ಕಳದಿಂದ ನಾಗಭೂಷಣ ಹೆಗಡೆಯವರ ಕಾರು ಬಂತು. ಜೊತೆಗೆ ಮಗಳು ವಿಭಾ. ಭಟ್ಕಳದಲ್ಲಿ ಗಣಿತದ ಟೀಚರು. ಶಿಕ್ಷಕರ ತರಬೇತಿಯೊಂದರಲ್ಲಿ ಶಿಶಿರನಿಗೂ ಅವಳಿಗೂ ಪರಿಚಯವಾಗಿ, ಪರಿಚಯ ಸಲಿಗೆಯಾಗಿ, ಸಲಿಗೆ ಮನೆಯವರಿಗೆ ಗೊತ್ತಾಗುವವರೆಗೂ ಬಂದಿತ್ತು. ಅವನಿಗೆ ಮೂವತ್ತನಾಲ್ಕು, ಅವಳಿಗೆ ಮೂವತ್ತಮೂರು. 'ಇನ್ನೂ ಯಾವಾಗ?' ಎಂದು ಕೇಳಿ ಕೇಳಿ ನೆಂಟರಿಗೂ ಬೇಜಾರು ಬಂದಿತ್ತು. ನಾಗಭೂಷಣ ಹೆಗಡೆಯವರದು ಒಂದೇ ಷರತ್ತು, ಜಾತಕ ಹೊಂದಬೇಕು. ಮೂವತ್ತಾರರಲ್ಲಿ ಹದಿನೆಂಟು ಗುಣ ಬಂದರೆ ಪಾಸು. ಇಲ್ಲವೆಂದರೆ ಯಲ್ಲಾಪುರದ ಗಂಡಿನ ಕಡೆಯವರು ಕಾಯುತ್ತಿದ್ದಾರೆ, ಸಂಜೆಯೊಳಗೆ ಅವರಿಗೆ ಮಾತು ಕೊಡಬೇಕು.

ಶಾಸ್ತ್ರಿಗಳು ಹೊಸ ಲ್ಯಾಪ್‌ಟಾಪ್ ಬಿಡಿಸಿದರು. ಎರಡೇ ನಿಮಿಷ. ಬಣ್ಣಬಣ್ಣದ ಕುಂಡಲಿ, ಕೆಳಗೆ ದೊಡ್ಡ ಅಕ್ಷರದಲ್ಲಿ ಹದಿಮೂರು.

"ಇನ್ನೊಂದ್ಸಲ ನೋಡು ಮಾವ," ಎಂದ ಶಿಶಿರ.

"ಎಷ್ಟ್ ಸಲ ನೋಡಿದ್ರೂ ಹದಿಮೂರೇಯ."

ನಾಗಭೂಷಣ ಹೆಗಡೆಯವರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡರು. ಅದು ಏಳುವ ಲಕ್ಷಣ. ಶಿಶಿರ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಮಾವ, ಹಳೇದ್ರಲ್ಲಿ ಒಂದ್ಸಲ ನೋಡನ!"

"ಅದು ಗುಜರಿ ಹೇಳಿ ನೀನೇ ಹೇಳಿದ್ದೆ ಅಲ್ದಾ?"

"ಯಂಗೆ ಆಗ ಬುದ್ಧಿ ಇರಲ್ಲೆ."

ಹಳೇ ಯಂತ್ರ ಕುಂಯ್ ಎಂದಿತು, ಗೊಣಗಿತು. ಎಲ್ಲರೂ ಚಾ ಕುಡಿದರು. ಕೊನೆಗೆ ಪರದೆಯ ಮೇಲೆ ಮೂಡಿತು ಇಪ್ಪತ್ತೇಳು. ಶಿಶಿರನಿಗೆ ಆ ಗುಜರಿಯನ್ನು ತಬ್ಬಿಕೊಳ್ಳಬೇಕೆನಿಸಿತು.

ಕಾರಣ ಶಾಸ್ತ್ರಿಗಳಿಗೆ ಹೊಳೆಯಿತು. "ಇಂವ ಹುಟ್ಟಿದ್ದೇ ಎರಡು ನಕ್ಷತ್ರದ ಸಂಧಿಯಲ್ಲಿ. ಹಳೇದ್ರ ಲೆಕ್ಕದಲ್ಲಿ ರೋಹಿಣಿ, ಹೊಸದ್ರ ಲೆಕ್ಕದಲ್ಲಿ ಮೃಗಶಿರ. ಎರಡು ಪಂಚಾಂಗ ಇದ್ದಲ್ಲಿ ಎರಡು ಹಬ್ಬ ಬಂದ ಹಾಂಗೆ."

"ಪರೀಕ್ಷೆ ಬರದಂವ ಒಬ್ಬನೇ, ಪೇಪರ್ ತಿದ್ದಿದವು ಇಬ್ರು," ಎಂದಳು ವಿಭಾ. ಅವಳಿಗೆ ನಗು ಬರುತ್ತಿತ್ತು, ಅಪ್ಪನ ಮುಖ ನೋಡಿ ನುಂಗಿಕೊಂಡಳು.

"ಆನು ಮೂವತ್ತೆರಡು ವರ್ಷ ಹೆಡ್ಮಾಸ್ತರ ಆಗಿದ್ದಿ," ಎಂದರು ನಾಗಭೂಷಣ ಹೆಗಡೆ. "ಪಾಸು ಹೇಳಿದ್ರೆ ಪಾಸು, ಫೇಲು ಹೇಳಿದ್ರೆ ಫೇಲು. ಎರಡೂ ಹೌದು ಹೇಳದು ಇಲ್ಲೆ. ಯಾವ ಯಂತ್ರದ ಮಾತು ಖರೆ, ಅದು ಮೊದ್ಲು ತೀರ್ಮಾನ ಆಗ್ಲಿ."

ಇಂಥ ಹೊತ್ತಿಗೆ ನೆರೆಮನೆಯ ದೇವರಾಜ ನಾಯ್ಕ ಬಾರದೇ ಇರುವುದುಂಟೆ? ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೆ ಊರಿನ ಎಲ್ಲ ಜಗಳಗಳ ಫ್ಯೂಸ್ ಅವನೇ ಹಾಕುತ್ತಿದ್ದ. ಪೇಪರ್ ಓದುವ ನೆಪದಲ್ಲಿ ಒಳಗೆ ಬಂದವ ಕೂತೇಬಿಟ್ಟ.

"ಎಂತದ್ರಾ ಶಾಸ್ತ್ರಿಗಳೇ? ಇದರಲ್ಲಿ ತಲೆಬಿಸಿ ಎಂತಕೆ? ಹೊಸದೇ ಖರೆ. ಈಗಿನ ಮೀಟರ್ ನೋಡಿ, ಹಳೇದರ ಹಾಂಗೆ ಸುಳ್ಳು ಹೇಳ್ತದಾ?"

ಬಸಳೆಸೊಪ್ಪು ಕೊಡಲು ಬಂದ ಹಮ್ಮಜ್ಜಿ ಬುಟ್ಟಿ ಇಳಿಸಿ ತನ್ನದನ್ನೂ ಸೇರಿಸಿದಳು. "ಹಳೇ ಕತ್ತಿ ಹರಿತ ಮಾರಾಯಾ. ಹೊಸದು ಬರೇ ಹೊಳೀತದೆ."

ಇಷ್ಟು ವರ್ಷ ಹೊಸತನದ ಜಯಘೋಷ ಮಾಡಿದ ಶಿಶಿರ ಮೊಟ್ಟಮೊದಲ ಬಾರಿಗೆ ಹಳೇದರ ಪರವಾಗಿ ಎದ್ದು ನಿಂತ. "ಹಮ್ಮಜ್ಜಿ ಹೇಳಿದ್ದು ಸಮ ಇದ್ದು! ವಿಂಡೋಸ್ ಏಳು ಹೇಳಿದ್ರೆ ಎಂಥ ಗಟ್ಟಿ! ಅದ್ರ ಹಾಂಗಿದ್ದು ಮತ್ತೆ ಬಂದೇ ಇಲ್ಲೆ."

ಶಾಸ್ತ್ರಿಗಳಿಗೂ ಉಮೇದು ಬಂತು. "ಅಲ್ದಾ ಹೆಗಡೇರೇ, ಮದುವೆಗೆ ಎಷ್ಟು ಹೆಜ್ಜೆ? ಏಳು. ಹನ್ನೊಂದು ಹೇಳಿದ್ರೆ ಏಕಾದಶಿ. ಆ ದಿನ ಊಟವೇ ಇಲ್ಲೆ."

ಹೆಗಡೆಯವರು ಯೋಚನೆಗೆ ಬಿದ್ದರು. ಶಿಶಿರ ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ದೇವರಾಜ ತೊಡೆ ತಟ್ಟಿದ. "ಸುಮ್ನೆ ವಾದ ಎಂತಕೆ? ದೇವರ ಹತ್ರ ಪ್ರಸಾದ ಕೇಳಿಬಿಡಿ, ಆತಲ!"

ದೇವರ ಮೂರ್ತಿಗೆ ಹೂವಿನ ಎಸಳನ್ನು ನೀರಲ್ಲಿ ಅದ್ದಿ ಎಡಬಲಕ್ಕೆ ಅಂಟಿಸುವುದು, ಯಾವ ಬದಿಯದ್ದು ಮೊದಲು ಬೀಳುತ್ತದೋ ಅದೇ ದೇವರ ಮಾತು. ಬಾವಿ ತೋಡುವುದರಿಂದ ಹಿಡಿದು ಹೆಣ್ಣು ಕೊಡುವವರೆಗೆ ಈ ಸೀಮೆಯಲ್ಲಿ ಕೇಳದ ಪ್ರಶ್ನೆಯಿಲ್ಲ. ವಿಂಡೋಸ್ ವಿಷಯ ಮಾತ್ರ ದೇವರಿಗೂ ಹೊಸದು. ಹಾಗಾಗಿ ಎರಡೂ ಯಂತ್ರವನ್ನು ಒಯ್ದು ದೇವರಿಗೆ ತೋರಿಸಲೇಬೇಕೆಂದು ದೇವರಾಜನ ಹಟ. ನೋಡದ ವಸ್ತುವಿನ ಬಗ್ಗೆ ದೇವರು ತಾನೇ ಎಂತ ಹೇಳಿಯಾನು?

ಲೋಕೇಶನ ರಿಕ್ಷಾ ಬಂತು. ಹಳೇ ಯಂತ್ರದ ಡಬ್ಬಿ ಶಿಶಿರನ ತೊಡೆಯ ಮೇಲೆ, ಮಾನಿಟರ್ ಶಾಸ್ತ್ರಿಗಳ ತೊಡೆಯ ಮೇಲೆ, ಲ್ಯಾಪ್‌ಟಾಪ್ ದೇವರಾಜನ ಕಂಕುಳಲ್ಲಿ. ಹಿಂದಿನಿಂದ ಹೆಗಡೆಯವರ ಕಾರು. ದಾರಿಯಲ್ಲಿ ಎದುರಾದವರೆಲ್ಲ ಶಾಸ್ತ್ರಿಗಳು ಮನೆ ಬದಲಿಸುತ್ತಿದ್ದಾರೆಂದು ತಿಳಿದು ಕೈ ಬೀಸಿದರು. ರಸ್ತೆಯ ಹೊಂಡ ಬಂದಾಗಲೆಲ್ಲ ಶಿಶಿರ ಡಬ್ಬಿಯನ್ನು ಹೆತ್ತ ಕೂಸಿನಂತೆ ಎದೆಗವಚಿಕೊಂಡ. ಅಂಗಿಯ ತುಂಬ ಹದಿನಾಲ್ಕು ವರ್ಷದ ಧೂಳು.

ದೇವಸ್ಥಾನದಲ್ಲಿ ಅರ್ಚಕ ನಿತ್ಯಾನಂದ ಭಟ್ಟರು ಎಸಳು ಅಂಟಿಸಿ ಕೇಳಿಕೊಂಡರು. "ಹಳೇದೇ ಖರೆ ಹೇಳಾದ್ರೆ ಬಲ, ಹೊಸದು ಖರೆ ಹೇಳಾದ್ರೆ ಎಡ."

ಹತ್ತು ನಿಮಿಷ ಯಾವುದೂ ಬೀಳಲಿಲ್ಲ. ಇಪ್ಪತ್ತು ನಿಮಿಷವಾಯಿತು. ಎಡದ ಎಸಳು ಸ್ವಲ್ಪ ಜಾರಿತು. ಶಿಶಿರನ ಜೀವವೂ ಅದರ ಜೊತೆ ಜಾರಿತು. ಎಸಳು ಅರ್ಧಕ್ಕೆ ನಿಂತಿತು. ವಿಭಾ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ಅದನ್ನು ನೋಡಿ ಶಿಶಿರನೂ ಕೈ ಮುಗಿದ. ಅಷ್ಟರಲ್ಲಿ ಕಾದು ಬೇಸತ್ತ ದೇವರಾಜ ಎದ್ದು ಗಂಟೆಯನ್ನು ಢಣಾರ್ ಎಂದು ಬಾರಿಸಿದ. ಬಲದ ಎಸಳು ಟಪ್ಪನೆ ಬಿತ್ತು.

"ಗಂಟೆ ಹೊಡೆದದ್ದಕ್ಕೆ ಬಿದ್ದಿದ್ದಲ್ದಾ ಅದು?" ಎಂದರು ಹೆಗಡೆ.

"ಹೆಂಗೇ ಬೀಳಲಿ, ಬಲ ಬಲವೇಯ," ಎಂದು ಭಟ್ಟರು ತೀರ್ಪು ಕೊಟ್ಟರು.

ದೇವರು ವಿಂಡೋಸ್ ಏಳನ್ನು ಆರಿಸಿದ್ದ. ಮನೆಗೆ ಬಂದೊಡನೆ ಶಿಶಿರ ತಾನೇ ವಯರುಗಳನ್ನು ಜೋಡಿಸಿ ಚಾಲೂ ಮಾಡಿದ. ಇಪ್ಪತ್ತೇಳು ಮತ್ತೆ ಬಂತು. ಹೆಗಡೆಯವರು ಎದ್ದುಬಂದು ಯಂತ್ರದ ಹಣೆಗೆ ಕುಂಕುಮ ಹಚ್ಚಿದರು. ವಿಭಾಳ ಮುಖ ಅರಳಿತು. ಒಳಗೆ ಶಾಸ್ತ್ರಿಗಳ ಹೆಂಡತಿ ಸುಬ್ಬಲಕ್ಷ್ಮಿ ಅತ್ತೆ ಕೇಸರಿಬಾತಿಗೆ ರವೆ ಹುರಿಯತೊಡಗಿದಳು.

"ಹಂಗಾದ್ರೆ ಮುಹೂರ್ತವನ್ನೂ ಇದ್ರಲ್ಲೇ ನೋಡಿ," ಎಂದರು ಹೆಗಡೆ.

"ಮುಹೂರ್ತ ಆನು ಯಾವಾಗ್ಲೂ ಪಂಚಾಂಗದಲ್ಲೇ ನೋಡದು. ಇದ್ರಲ್ಲಿ ಒಂದಿನವೂ ನೋಡಿದ್ನಿಲ್ಲೆ."

"ದೇವರು ಒಪ್ಪಿದ್ದು ಪಂಚಾಂಗನಲ್ಲ, ಇದನ್ನ."

ಶಾಸ್ತ್ರಿಗಳು ಮುಹೂರ್ತದ ಗುಂಡಿ ಒತ್ತಿದರು. ಯಂತ್ರ ಸ್ವಲ್ಪ ಹೊತ್ತು ಗರಗರ ಎಂದು ಯೋಚಿಸಿ ಒಂದು ಪಟ್ಟಿ ಕೊಟ್ಟಿತು. ಶಾಸ್ತ್ರಿಗಳು ಕನ್ನಡಕ ಏರಿಸಿ ಓದಿದರು.

"ವಧುವಿನ ವಯಸ್ಸು ಹತ್ತೊಂಬತ್ತು. ವಿವಾಹಕ್ಕೆ ಅರ್ಹಳು."

"ಅಯ್ಯೋ, ಚಂದ ಯಂತ್ರ!" ಎಂದಳು ವಿಭಾ.

"ವರನ ವಯಸ್ಸು ಇಪ್ಪತ್ತು. ಇಪ್ಪತ್ತೊಂದು ತುಂಬಿಲ್ಲ. ವಿವಾಹಕ್ಕೆ ಅನರ್ಹ. ಎಂಟು ತಿಂಗಳು ಕಾಯಬೇಕು."

ಶಿಶಿರ ಪರದೆಯ ಮೂಲೆ ನೋಡಿದ. ಅಲ್ಲಿ ಇಸವಿ ಎರಡು ಸಾವಿರದ ಹನ್ನೆರಡು, ಜನವರಿ ಒಂದು. ಇಷ್ಟು ಕಾಲ ಮಾವ ಓದದೆ ದಾಟಿಸಿದ ಆ ಎರಡು ಸಾಲಿನ ಗೊಣಗಾಟ ಏನೆಂದು ಕಂಪ್ಯೂಟರ್ ಮಾಸ್ತರನಿಗೆ ಈಗ ತಿಳಿಯಿತು. ಯಂತ್ರದ ಒಳಗೆ ದಿನಾಂಕ ನೆನಪಿಡುವ, ಅಂಗಿಯ ಗುಂಡಿಯಷ್ಟು ದೊಡ್ಡ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ. ಕರೆಂಟು ತಪ್ಪಿದಾಗಲೆಲ್ಲ ಯಂತ್ರ ಮತ್ತೆ ಅದೇ ಜನವರಿ ಒಂದಕ್ಕೆ ಹೋಗಿ ಕೂರುತ್ತದೆ.

"ಇದ್ರ ತಾರೀಖು ತಪ್ಪು! ಒಂದು ನಿಮಿಷ, ಸಮ ಮಾಡ್ತಿ!" ಎಂದು ಕೀಲಿಮಣೆಗೆ ಕೈ ಹಾಕಿದ.

ಹೆಗಡೆಯವರು ಅವನ ಕೈ ಹಿಡಿದರು. "ತಡಿ. ಇವತ್ತು ಯಾವ ತಾರೀಖು ಹೇಳೂದೇ ಗೊತ್ತಿಲ್ಲದ ಯಂತ್ರಕ್ಕೆ ನೀನು ಹುಟ್ಟಿದ ನಕ್ಷತ್ರ ಹೆಂಗೆ ಗೊತ್ತಾತು?"

ಶಿಶಿರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಯಂತ್ರ ತಪ್ಪು ಎಂದರೆ ಇಪ್ಪತ್ತೇಳೂ ತಪ್ಪು. ಸರಿ ಎಂದರೆ ತಾನಿನ್ನೂ ಇಪ್ಪತ್ತರ ಮಾಣಿ. ಹನ್ನೊಂದರಲ್ಲಿ ವಯಸ್ಸಾಗಿದೆ, ಗುಣ ಇಲ್ಲ. ಏಳರಲ್ಲಿ ಗುಣ ಇದೆ, ವಯಸ್ಸಾಗಿಲ್ಲ.

"ತಪ್ಪಲ್ಲ," ಎಂದ ಮೆಲ್ಲಗೆ. "ಯಂತ್ರ ಸಮ ಇದ್ದು."

"ಮನುಷ್ಯನ ವಯಸ್ಸು ಬೇರೆ, ಜಾತಕದ ವಯಸ್ಸು ಬೇರೆ," ಎಂದು ಶಾಸ್ತ್ರಿಗಳು ಸೋದರಳಿಯನ ಮಾನ ಕಾಯ್ದರು.

ಹೆಗಡೆಯವರು ಕಡೆಯ ಮಾತು ಹೇಳಿದರು. "ಆತು. ಯಲ್ಲಾಪುರದವಕ್ಕೆ ಎಂಟು ತಿಂಗಳು ತಡಿಯಿರಿ ಹೇಳ್ತಿ. ದೇವರು ಒಪ್ಪಿದ ಯಂತ್ರ, ತಾರೀಖು ತಿದ್ದೂಲಿಲ್ಲೆ, ಒಳಗೆ ಕೈ ಹಾಕೂಲಿಲ್ಲೆ. ಅದು ತಾನಾಗಿ ನಿಂಗೆ ಇಪ್ಪತ್ತೊಂದು ಹೇಳಿದ ದಿನ ನಿಶ್ಚಿತಾರ್ಥ. ಅಷ್ಟರಲ್ಲಿ ಹೇಳದಿದ್ರೆ ಯಲ್ಲಾಪುರ."

ಎಂಟು ತಿಂಗಳು! ಸುಮ್ಮನೆ ಚಾಲೂ ಇಟ್ಟರೆ ಸಾಕು, ದಿನ ತಾನಾಗಿ ಓಡುತ್ತದೆ. ಆರಿಸಬಾರದು, ಅಷ್ಟೆ. ಕೇಸರಿಬಾತು ಗಂಟಲಲ್ಲಿ ಸಲೀಸಾಗಿ ಇಳಿಯಿತು. ಮಧ್ಯಾಹ್ನ ಮೂರಕ್ಕೆ ಕಾರಿನವರೆಗೂ ಹೋಗಿ ಬೀಳ್ಕೊಡುವಾಗ ವಿಭಾ ಕಿಟಕಿ ಇಳಿಸಿ ಪಿಸುಗುಟ್ಟಿದಳು. "ಬೇಗ ದೊಡ್ಡಂವ ಆಗು ಮಾರಾಯ. ಆನು ಕಾಯ್ತಿ." ಶಿಶಿರನ ಕಾಲು ನೆಲದ ಮೇಲಿರಲಿಲ್ಲ.

ತಿರುಗಿ ಬಂದು 'ಯಾರೂ ಆರಿಸಬಾರದು' ಎಂದು ದಪ್ಪಕ್ಷರದಲ್ಲಿ ಬರೆದು ಯಂತ್ರಕ್ಕೆ ಅಂಟಿಸಿದ. ಮಾವನಿಗೆ ಹೇಳಿದ, ದೇವರಾಜನಿಗೆ ಹೇಳಿದ, ಹಮ್ಮಜ್ಜಿಗೂ ಹೇಳಿದ. ಕರೆಂಟು ಹೋದರೂ ಇರಲೆಂದು ದೊಡ್ಡ ಬ್ಯಾಟರಿಯ ಯುಪಿಎಸ್ ತರಲು ಲೋಕೇಶನ ರಿಕ್ಷಾ ಹತ್ತಿ ಕುಮಟಾ ಪೇಟೆಗೆ ಓಡಿದ. ಒಳಗೆ ಪಾತ್ರೆ ತೊಳೆಯುತ್ತಿದ್ದ ಸುಬ್ಬಲಕ್ಷ್ಮಿ ಅತ್ತೆಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಯುಪಿಎಸ್ ಹೊತ್ತು ವಾಪಸು ಬರುವಾಗ ಸಮುದ್ರದ ಕಡೆಯಿಂದ ಮೋಡ ಏರಿತ್ತು. ಏಪ್ರಿಲಿನ ಮೊದಲ ಗುಡುಗು ಗುಡುಗುಡು ಎಂದಿತು. ಗುಡುಗು ಕೇಳಿದೊಡನೆ ಈ ಕರಾವಳಿಯ ಹೆಂಗಸರು ಮಾಡುವ ಮೊದಲ ಕೆಲಸ ಶಿಶಿರನಿಗೆ ಥಟ್ಟನೆ ನೆನಪಾಯಿತು.

"ಲೋಕೇಶಾ, ಜೋರಾಗಿ ಬಿಡಾ!"

ಅಂಗಳದಿಂದ ಜಗಲಿಗೆ ಒಂದೇ ನೆಗೆತ. ಅತ್ತೆ ಯಂತ್ರದ ಪಕ್ಕ ನಿಂತಿದ್ದಳು. ಕೈಯಲ್ಲಿ ಪ್ಲಗ್ಗು, ಮುಖದಲ್ಲಿ ಕೃತಾರ್ಥತೆ.

"ಹೆದರಡ ಅಪ್ಪಿ," ಎಂದಳು ಅಕ್ಕರೆಯಿಂದ. "ದೇವರು ಒಪ್ಪಿದ ಯಂತ್ರ ಅಲ್ದಾ? ಸಿಡಿಲು ಬಡಿದು ಹಾಳಾದ್ರೆ ನಿನ್ನ ಮದುವೆ ಗತಿ ಎಂತು ಹೇಳಿ, ಎಲ್ಲಕ್ಕಿಂತ ಮೊದ್ಲು ಇದನ್ನೇ ತೆಗದಿ. ಈ ಮಳೆಗಾಲ ಮುಗಿಯವರೆಗೂ ಗುಡುಗಿದಾಗೆಲ್ಲ ಆನೇ ಮರೀದೇ ತೆಗೀತಿ, ಆತಾ?"