ಟಾಕಿಯ ಸುದ್ದಿಗೆ ಮೂರು ಭಾಷೆ

ಪಟ್ಟಿ ಮಾಡದೆ ಏನನ್ನೂ ತೀರ್ಮಾನಿಸಲಾರದ ಸ್ವಭಾವ ನನ್ನದು. ಚಪ್ಪಲಿ ಕೊಳ್ಳಬೇಕಾದರೂ ಡೈರಿಯಲ್ಲಿ ಗೆರೆ ಎಳೆದು ಎಡಕ್ಕೆ ಗುಣ, ಬಲಕ್ಕೆ ದೋಷ ಬರೆಯುತ್ತೇನೆ. ಅಷ್ಟರಲ್ಲಿ ನನ್ನ ಅಳತೆಯ ಜೋಡಿ ಬೇರೆಯವರ ಕಾಲಿಗೆ ಹೋಗಿರುತ್ತದೆ. ಇಂಥ ನಾನು ಬಿಜ್ಜರಗಿಯ ದೊಡ್ಡವ್ವನಿಗೆ ಮಾತು ಕೊಟ್ಟುಬಿಟ್ಟೆ. ಆಕೆಯ ದ್ರಾಕ್ಷಿ ತೋಟದ ಆ ತುದಿಯಲ್ಲಿ ನೀರಿನ ಟಾಕಿ. ಮೋಟಾರು ಹಚ್ಚಿದಾಗಲೆಲ್ಲ, ದಿನಕ್ಕೆರಡು ಸಲ, ತುಂಬಿತೇ ಎಂದು ನೋಡಲು ನೋಯುವ ಮೊಣಕಾಲಿನಲ್ಲಿ ಅಷ್ಟು ದೂರ ನಡೆಯಬೇಕು. "ಟಾಕೀನ ಮನಿಗೆ ಸುದ್ದಿ ಕಳಸೂಹಂಗ ಮಾಡ್ತೀನಿ, ದೊಡ್ಡವ್ವ" ಎಂದೆ.

ನೀರು ಅಳೆಯುವ ಬೋರ್ಡು, ಸುದ್ದಿ ಕಳಿಸುವ ರೇಡಿಯೋ ತುಣುಕು, ಮನೆಯಲ್ಲಿ ಅದನ್ನು ಹಿಡಿದು ಹಸಿರು ದೀಪ ಹಚ್ಚುವ ಸಿದ್ಧ ಪೆಟ್ಟಿಗೆ, ಎಲ್ಲ ತಂದೆ. ಉಳಿದದ್ದು ಪ್ರೋಗ್ರಾಂ ಬರೆಯುವ ಭಾಷೆ. ಇಬ್ರಾಹಿಂಪುರದ ನಮ್ಮ ಮನೆಯಲ್ಲಿ ಆ ಆಯ್ಕೆ ಕನ್ಯೆ ನೋಡುವ ಶಾಸ್ತ್ರದಂತೆ ನಡೆಯಿತು. ಪೈಥಾನ್: ಸರಳ ಸ್ವಭಾವ, ನಡಿಗೆ ನಿಧಾನ. ಸಿ: ಹಳೆಯ ಮನೆತನ, ಚುರುಕು, ಆದರೆ ತಪ್ಪಾದರೆ ಬಾಯಿಬಿಟ್ಟು ಹೇಳುವುದಿಲ್ಲ. ರಸ್ಟ್: ಶಿಸ್ತು ಜಾಸ್ತಿ, ಹೆಜ್ಜೆಗೊಂದು ಬೈಗುಳ. ಮೊದಲು ಪೈಥಾನಿನಲ್ಲಿ ಬರೆದೆ, ರೇಡಿಯೋ ಪಿಟ್ಟೆನ್ನಲಿಲ್ಲ. ಸಿಯಲ್ಲಿ ಬರೆದೆ, ಮೌನ. ರಸ್ಟಿನಲ್ಲಿ ಬರೆದೆ, ಇನ್ನೂ ಶಿಸ್ತಿನ ಮೌನ. ದಿನ ಮೂವತ್ತೆಂಟು, ಭಾಷೆ ಮೂರು, ಸುದ್ದಿ ಸೊನ್ನೆ ಎಂದು ಡೈರಿಯಲ್ಲಿದೆ. ಪಕ್ಕದಲ್ಲೇ ದೊಡ್ಡವ್ವ ಟಾಕಿಗೆ ನಡೆದದ್ದು: ಎಪ್ಪತ್ತಾರು ಸಲ.

ನಾಲ್ಕನೆಯ ಭಾಷೆ ಕಲಿಯಲು ಗಡುವು ಕೇಳೋಣವೆಂದು ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಿಜ್ಜರಗಿಗೆ ಹೋದೆ. ದೊಡ್ಡವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಲೇ ನಾನು ಹರವಿದ ಸಾಮಾನು ನೋಡಿದಳು.

"ಈ ಎರಡು ವಾಯರ್ ಯಾಕಲೇ ತಮ್ಮಾ?"

"ಬೋರ್ಡಿಗೂ ರೇಡಿಯೋಕ್ಕೂ ಹೇಳಾಕ ಒಂದು, ಕೇಳಾಕ ಒಂದು ತುದಿ ಇರ್ತಾವ. ಹೇಳೂದಕ್ಕ ಹೇಳೂದು, ಕೇಳೂದಕ್ಕ ಕೇಳೂದು ಜೋಡ್ಸೀನಿ. ಬಣ್ಣಾನೂ ತಪ್ಪಿಲ್ಲ ನೋಡು!"

ಆಕೆಯ ಎಣ್ಣೆಗೈ ನಿಂತಿತು. "ಯಪ್ಪಾ, ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟೀದಿ. ಇನ್ನ ಯಾರ್ ಮಾತು ಯಾರಿಗೆ ಕೇಳಬೇಕೋ?"

ವಾಯರ್ ಅದಲುಬದಲು ಮಾಡಿ, ಮೊದಲು ಬರೆದ ಪೈಥಾನ್ ಪ್ರೋಗ್ರಾಮನ್ನೇ ಹಾಕಿ, ಟಾಕಿಗೆ ಕಟ್ಟಿ ಬಂದೆ. ಮೋಟಾರು ಹಚ್ಚಿದೆವು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಹಸಿರು ದೀಪ ಹೊತ್ತಿತು.

"ಖರೇನ ತುಂಬೇತೇನು?" ಎಂದವಳೇ ದೊಡ್ಡವ್ವ ಸೆರಗು ಸಿಕ್ಕಿಸಿ, ನೋಡಲು ಟಾಕಿಗೆ ಹೊರಟೇಬಿಟ್ಟಳು. ಎಪ್ಪತ್ತೇಳು.

ಮರುದಿನ ಎರಡು ಸಲ ಹೋದಳಂತೆ, ನಾಲ್ಕನೆಯ ದಿನ ಒಂದು, ನಿನ್ನೆ ಸೊನ್ನೆ. ಮೂರೂ ಭಾಷೆಗಳ ದೋಷ ಹೊಡೆದುಹಾಕಿ, ಡೈರಿಯಲ್ಲಿ ನನ್ನದೇ ಹೆಸರು ಬರೆದು ಗೆರೆ ಎಳೆದೆ. ಬಲಗಡೆ ಬೇಗ ತುಂಬಿತು. ಎಡಕ್ಕೆ ಏನು ಬರೆಯಲಿ ಎಂದು ಫೋನಿನಲ್ಲಿ ದೊಡ್ಡವ್ವನನ್ನೇ ಕೇಳಿದೆ.

"ಕೊಟ್ಟ ಮಾತು ಉಳಿಸ್ಕೊಂಡಾನ ಅಂತ ಬರಿ" ಎಂದಳು. "ಜಾಗಾ ಉಳದ್ರ, ಹೇಳಿದ್ರ ಕೇಳ್ತಾನ ಅಂತಾನೂ ಬರಿ."