ಬಾನೆಟ್ಟಿಗೆ ಹೊದಿಸಿದ ಕೌದಿ

ಕಾರಿಗೆ ಗೀರು ಬೀಳುವುದು ರಸ್ತೆಯಲ್ಲಿ ಎಂದು ತಿಳಿದವರು ಗ್ಯಾರೇಜು ಕಂಡಿಲ್ಲ. ರಸ್ತೆಯಲ್ಲಿ ಎದುರಿಗೆ ಬರುವವನಿಗೆ ತನ್ನ ಗಾಡಿಯ ಮೇಲಾದರೂ ಪ್ರೀತಿ ಇರುತ್ತದೆ. ಮೆಕ್ಯಾನಿಕ್ಕಿಗೆ ಬಾನೆಟ್ ಎಂದರೆ ನಟ್ಟು ತಿರುಗಿಸುವ ಪಾನಾ, ಸ್ಕ್ರೂಡ್ರೈವರ್, ಚಹಾದ ಗ್ಲಾಸು ಇಡುವ ಕಟ್ಟೆ.

ನನ್ನದು ಕೆಂಪು ಕಾರು. ಮೂರನೆಯ ಕೈ, ಆದರೆ ಹೊಸ ಬಣ್ಣ, ಮೈಮೇಲೆ ಒಂದು ಗೀರಿಲ್ಲ (ಮದುವೆಯಾಗಿ ಇಪ್ಪತ್ತಾರು ವರ್ಷವಾದ ನನ್ನ ಬಗ್ಗೆ ಹಾಗೆ ಹೇಳಲಾಗದು). ಕೊಂಡ ದಿನವೇ ಹೆಂಡತಿಯ ತಮ್ಮ, ದೇವಾಪುರದ ದುರಗಪ್ಪ, ಫೋನಿನಲ್ಲಿ ನಕ್ಕಿದ್ದ. “ಮಾಮಾ, ನಿಮ್ಮ ಸಿಟ್ಟಿನ ಕೈಯಾಗ ಆ ಗಾಡಿ ಎಂಟು ದಿನ ಗೀರಿಲ್ದ ಬಾಳಂಗಿಲ್ಲ ಬಿಡ್ರಿ.”

ಏಳನೆಯ ದಿನ ಅವನ ಮಗಳ ಕೂಸಿಗೆ ತೊಟ್ಟಿಲ ಕಾರ್ಯ. ಕನ್ನಡಿಯಂಥ ಕಾರನ್ನು ಅವನ ಅಂಗಳದಲ್ಲಿ ನಿಲ್ಲಿಸಿ ಆ ನಗುವನ್ನು ಅವನೇ ನುಂಗುವಂತೆ ಮಾಡುತ್ತೇನೆಂದು ಪ್ರತಿಜ್ಞೆ ಮಾಡಿದೆ. ಆರನೆಯ ದಿನ ಕ್ಲಚ್ಚು ಕೈಕೊಟ್ಟಿತು.

ರಂಗಂಪೇಟೆಯ ಸರದಾರಸಾಬನ ಗ್ಯಾರೇಜಿಗೆ ಹೋದವನೇ ಮೊದಲು ಅವನ ಬೆಲ್ಟು ಬಿಚ್ಚಿಸಿದೆ. ಆಮೇಲೆ ಉಂಗುರ.

“ಅಂಗಿ ಗುಂಡಿನೂ ಕೀಳ್ಲೇನು, ಮಾನಪ್ಪಣ್ಣ?” ಎಂದ, ಜಾರುವ ಪ್ಯಾಂಟನ್ನು ಸುತಳಿಯಿಂದ ಕಟ್ಟಿಕೊಳ್ಳುತ್ತ.

“ಗುಂಡಿ ಪ್ಲಾಸ್ಟಿಕ್ಕಿಂದ ಅದ. ಇರ್ಲಿ.”

ಮನೆಯಿಂದ ತಂದ ಕೌದಿಯನ್ನು ಬಾನೆಟ್ಟಿನ ತುಂಬ ಹೊದಿಸಿದೆ. ಬಟ್ಟೆಯ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು, ಎಲ್ಲಕ್ಕಿಂತ ಮೆತ್ತಗಿದ್ದದ್ದು. ಹೆಂಡತಿ ಚಂದ್ರಕಲಾಳನ್ನು ಕೇಳಲಿಲ್ಲ (ಕೇಳಿದರೆ ಕೊಡುವವಳಲ್ಲ ಎಂಬ ದೂರದೃಷ್ಟಿ). ಸರದಾರಸಾಬ ಕಾರಿನ ಕೆಳಗೆ ತೂರಿದ. ಅವನು ಕೇಳಿದಾಗ ಕೊಡಲು ಒಂದು ದೊಡ್ಡ ಪಾನಾ ಹಿಡಿದು, ನಾನು ಕುರ್ಚಿಯಲ್ಲಿ ದ್ವಾರಪಾಲಕನಂತೆ ಕುಳಿತೆ.

ಅಷ್ಟರಲ್ಲಿ ಓಣಿಯ ದಾವಲಬೀಯ ಆಡು ಬಂತು. ಮೂಗು ಅರಳಿಸಿತು. ಒಂದೇ ಜಿಗಿತಕ್ಕೆ ಬಾನೆಟ್ ಹತ್ತಿ, ಕೌದಿಯ ಮೂಲೆ ಕಚ್ಚಿ ಜಗಿಯತೊಡಗಿತು. ಗದರಿಸಿದರೆ ನನ್ನನ್ನೇ ನೋಡುತ್ತ ಜಗಿಯಿತು. ಅದೇ ಹೊತ್ತಿಗೆ ಫೋನು.

“ಏನ್ರಿ, ಟ್ರಂಕಿನ್ಯಾಗಿನ ಹೊಸ ಕೌದಿ ಎಲ್ಲಿ? ಕೂಸಿಗೆ ಅಂತ ಮೂರು ತಿಂಗಳು ಕುಂತು ಹೊಲದೀನಿ.”

“ಇಲ್ಲೇ ಅದ. ಅದರಾಗ ಏನಿಟ್ಟೀದಿ? ಆಡು ಬಿಡವಲ್ದು.”

“ಕೌದಿ ಬಾಯಿ ಮುಚ್ಚೂ ಮುಂದ ಮೂಲ್ಯಾಗ ರೊಟ್ಟಿ ಬೆಲ್ಲ ಇಟ್ಟು ಹೊಲೀತೀವಲ್ರಿ. ಹಸದ ಕೌದಿ ಕೂಸಿಗೆ ಹೊಚ್ಚತಾರೇನು? ಅಲ್ಲ, ಯಾವ ಆಡ್ರಿ?”

ಉತ್ತರ ಕೊಡುವ ಬದಲು ಪಾನಾ ಬೀಸಿದೆ. ಆಡು ಬುದ್ಧಿವಂತ ಪ್ರಾಣಿ. ಕೌದಿ ಸಮೇತ ಕೆಳಗೆ ಹಾರಿತು. ಪಾನಾ ಬರಿಮೈ ಬಾನೆಟ್ಟಿನ ಮುಂದಿನ ಅಂಚಿಗೆ ಬಿದ್ದು, ಕರ್ರೆಂದು ಗೀರುತ್ತ ದೀಪದವರೆಗೆ ಜಾರಿತು.

ಸರದಾರಸಾಬ ಕೆಳಗಿನಿಂದ ತಲೆ ಹೊರಹಾಕಿದ. ಎದ್ದು ಪಾನಾದ ಗೀರಿನ ಮೇಲೆ ಬೆರಳಾಡಿಸಿ, ಆಡು ನಿಂತಿದ್ದ ಜಾಗ ನೋಡಿದ.

“ಆಡು ಕುಣದ್ರೂ ಒಂದ್ ಗೀರು ಬಿದ್ದಿಲ್ಲ ನೋಡ್ರಿ. ಕೌದಿ ಛಲೋ ಕೆಲಸ ಮಾಡ್ಯಾದ.”

ಸಂಜೆ ಚಂದ್ರಕಲಾ ಹೊಸ ರೊಟ್ಟಿ ಚೂರು ಇಟ್ಟು ಕೌದಿಯ ಮೂಲೆಗೆ ತೇಪೆ ಹಾಕಿದಳು. ಬಾನೆಟ್ಟಿಗೆ ತೇಪೆ ಹಾಕುವವರು ಅಷ್ಟರೊಳಗೆ ಸಿಗಲಿಲ್ಲ.

ಮರುದಿನ ದೇವಾಪುರದಲ್ಲಿ ಕಾರು ನಿಲ್ಲಿಸಿದ್ದೇ ತಡ, ಕೆಳಗೆ ಹಾರಿ ಗೀರಿಗೆ ಸೊಂಟ ಆನಿಸಿ ನಿಂತೆ. ದುರಗಪ್ಪ ಕಾರಿನ ಸುತ್ತ ಎರಡು ಸಲ ಪ್ರದಕ್ಷಿಣೆ ಹಾಕಿದ.

“ಖರೇನ ಗೀರಿಲ್ಲಲ್ಲ, ಮಾಮಾ. ಸೋತೆ ನಾ. ಒಳಗ ಬರ್ರಿ, ಉಣ್ಣೋಣು.”

“ಇಲ್ಲಿ ಗಾಳಿ ಛಲೋ ಅದ. ಇಲ್ಲೇ ಇರ್ತೀನಿ.”

ಕೂಸಿಗೆ ಹೆಸರಿಡುವಾಗಲೂ ಅಲ್ಲೇ ಇದ್ದೆ. ಹೋಳಿಗೆಯನ್ನು ಚಂದ್ರಕಲಾ ತಟ್ಟೆಯಲ್ಲಿ ಅಲ್ಲಿಗೇ ತಂದಳು. “ಕಾರ್ ಬಿಟ್ಟು ಒಂದ್ ಗಳಿಗಿ ಇರಂಗಿಲ್ರಿ ಇವ್ರು” ಎಂದು ಬೀಗರಿಗೆ ಹೇಳಿದಳು, ನನ್ನ ಕಡೆ ನೋಡದೆ. ಬಿಸಿಲಿಗೆ ಬಾನೆಟ್ಟು ರೊಟ್ಟಿ ಹಂಚಾಯಿತು. ಬೆಂದೆ, ಕದಲಲಿಲ್ಲ. ಗೆದ್ದೆ ಎಂದುಕೊಂಡೆ.

ಇಳಿಹೊತ್ತಿಗೆ ಮನೆಮಂದಿಯೆಲ್ಲ ನಮ್ಮನ್ನು ಕಳಿಸಲು ಅಂಗಳಕ್ಕೆ ಬಂದರು. ದುರಗಪ್ಪ ಎಲ್ಲರಿಗಿಂತ ಮುಂದೆ ನಿಂತ. ಚಂದ್ರಕಲಾ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡಳು.

“ನಡೀರಿ ಮತ್ತ” ಎಂದಳು.

ಕಾರು ನಡೆಸಬೇಕಾದವನು ನಾನೇ ಎಂಬುದು ನನಗೆ ಆಗ ಹೊಳೆಯಿತು.