ಇತರರೂ ಮಾತನಾಡಿದರು

ವರದಿಗಾರನಾಗಿ ನಾನು ಅತಿ ಹೆಚ್ಚು ಸಲ ಬರೆದ ವಾಕ್ಯ 'ಇತರರೂ ಮಾತನಾಡಿದರು' ಎಂಬುದು. ಏನು ಮಾತನಾಡಿದರು ಎಂದು ಯಾವ ಓದುಗರೂ ಕೇಳಿದ್ದಿಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. ಅವಳನ್ನು ಓದುಗರ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಪತ್ರಿಕೆ ಅವಳಿಗೆ ಪುಕ್ಕಟೆ.

ನಮ್ಮ ಮನೆ ಮನೋಳಿಯಲ್ಲಿ. ಅವಳು ಕಲಿಸುವ ಶಾಲೆ ನದಿಯಾಚೆಯ ಹಳ್ಳಿಯಲ್ಲಿ. ಸವದತ್ತಿಯಿಂದ ಬರುವ ಮೊದಲ ಬಸ್ಸು ಆ ಹಳ್ಳಿ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತಿತ್ತು. ಇನ್ನು ತಡವಾದರೆ ಅರ್ಧ ದಿನದ ರಜೆ ಹಾಕುವುದಾಗಿ ಮುಖ್ಯೋಪಾಧ್ಯಾಯರು ಎಚ್ಚರಿಸಿದ್ದರು. ತೊಂಬತ್ತರ ದಶಕದ ಆ ತಾಲೂಕು ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಮನೆಯ ಬೇಡಿಕೆ ಒಂದೇ: ನಸುಕಿನಲ್ಲಿ ಹೊರಡುವ ಬಸ್ಸು.

ಊರ ಹಿರಿಯರು ಇಬ್ಬರು ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆಸಿದರು. ಮೊದಲು ಗೌಡರು. ಕಿತ್ತೂರಿನ ಕತ್ತಿ ಹಿರಿದು, ಮಲಪ್ರಭೆಯಲ್ಲಿ ಮಿಂದು, ಪ್ರಾಸದಿಂದ ಪ್ರಾಸಕ್ಕೆ ಜಿಗಿದು ಅವರು ಕುಳಿತಾಗ ನಾನು ಪೆನ್ನು ಹಿಡಿದ ಕೈಯಿಂದಲೇ ಚಪ್ಪಾಳೆ ತಟ್ಟುತ್ತಿದ್ದೆ. ಆಮೇಲೆ ಬೀಜ-ಗೊಬ್ಬರದ ವ್ಯಾಪಾರಿ ದಸ್ತಗೀರ ಸಾಹೇಬರು. ಕೆಮ್ಮಿದರು, ನೀರು ಕುಡಿದರು, ತಮ್ಮ ಚಪ್ಪಲಿಗೆ ಹೇಳುವಂತೆ ಹೇಳಿದರು: "ಡಿಪೋದಾಗ ಕೇಳೇನ್ರಿ. ರಾತ್ರಿ ಇಲ್ಲೇ ವಸ್ತಿ ಬಸ್ ಇಟ್ರ ಮುಂಜಾನಿ ಜಲ್ದಿ ಬಿಡಾಕ ಬರತೈತಿ. ಡ್ರೈವರ್, ಕಂಡಕ್ಟರ್‌ಗೆ ಮಲಗಾಕ ಖೋಲಿ ಇಲ್ಲ ಅಂತಾರ. ನಮ್ಮ ಗೋದಾಮಿನಾಗ ಒಂದ ಖೋಲಿ ಕೊಡ್ತೇನಿ. ರಸ್ತಾ ರಿಪೇರಿ ಮಾತ್ರ ನನ್ನ ಕೈಲೆ ಆಗೂದಿಲ್ರಿ."

"ಸಾಹೇಬ್ರ, ಜೋರ ಮಾತಾಡ್ರಿ, ಇಲ್ಲಾಂದ್ರ ಕುಂದರ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ವಿಧೇಯರು, ಕುಳಿತುಬಿಟ್ಟರು.

"ಬಸ್ಸಿಂದ ಏನಾತ್ರಿ?" ಎಂದು ಮನೆಗೆ ಬಂದಾಗ ಹೆಂಡತಿ ಕೇಳಿದಳು.

"ಗೌಡ್ರ ಭಾಷಣ ನೀ ಕೇಳಬೇಕಿತ್ತ ನೋಡು. ಏನ ಮಾತು, ಏನ ಗತ್ತು!"

"ಹಂಗಾರ ನಾಳಿ ಅವರ ಮಾತಿನ ಮ್ಯಾಲ ಕುಂತ ಸಾಲಿಗೆ ಹೋಗ್ಲ್ಯಾ?"

ಗೌಡರಿಗೆ ಮೂರು ಕಾಲಮ್ಮು ಬರೆದೆ. ಯಾರು, ಎಲ್ಲಿ, ಯಾವಾಗ ಎಲ್ಲವೂ ಇತ್ತು. 'ಏನು' ಎಂಬಲ್ಲಿ ಚಪ್ಪಾಳೆಯ ವರ್ಣನೆ ತುಂಬಿದೆ. ಕೊನೆಗೆ, ಇತರರೂ ಮಾತನಾಡಿದರು. ಗೌಡರು ಗೆದ್ದರು.

ಸೋತ ಸಾಹೇಬರಿಗೆ ಸೋತವರು ಸುಮ್ಮನಿರಬೇಕೆಂಬ ಪದ್ಧತಿಯೇ ಗೊತ್ತಿರಲಿಲ್ಲ. ಡಿಪೋಗೆ ಅಲೆದರು, ಖೋಲಿಗೆ ಸುಣ್ಣ ಬಳಿಸಿದರು, ವಸ್ತಿ ಬಸ್ಸು ಬಂತು. ಹಸಿರು ನಿಶಾನೆ ತೋರಿಸಲು ಮಾತ್ರ ಗೌಡರು ಬಂದರು. ಇಂಜಿನ್ ಚಾಲೂ ಇತ್ತು, ಗೌಡರೂ ಚಾಲೂ ಇದ್ದರು. ಕಿಟಕಿಯಲ್ಲಿ ನನ್ನ ಹೆಂಡತಿಯ ಮುಖ ಕೆಂಪಗಾಗುತ್ತಿತ್ತು. "ಗೌಡ್ರ, ಸಾಲಿ ಟೈಮ್ ಆತ್ರಿ" ಎಂದರು ಸಾಹೇಬರು. ಅವರ ಕೈಯಲ್ಲಿ ಮೈಕಿರಲಿಲ್ಲ. ಬೇಗ ಹೋಗಲೆಂದೇ ಬಂದ ಬಸ್ಸಿನಲ್ಲಿ ಅವಳಿಗೆ ಮೊದಲ ದಿನವೇ ಅರ್ಧ ರಜೆ ಬಿತ್ತು.

"ಖೋಲಿ ಕೊಟ್ಟಾವರ ಹೆಸರ ನಾಳಿ ಪೇಪರಿನಾಗ ಬರಬೇಕ ನೋಡ್ರಿ" ಎಂದಳು ಸಂಜೆ. ಬರೆದೆ. ಪೂರ್ತಿ ಹೆಸರು, ಕೊನೆಯ ಸಾಲಿನಲ್ಲಿ. ಮರುದಿನದ ಪತ್ರಿಕೆಯಲ್ಲಿ ಗೌಡರು ಅಷ್ಟೂ ಇದ್ದರು, ಸಾಹೇಬರು ಇರಲಿಲ್ಲ. ಜಾಗ ಸಾಲದಾಗ ಪತ್ರಿಕೆಯವರು ಕತ್ತರಿಸುವುದು ಬುಡದಿಂದ. ಕತ್ತರಿ ಹಿಡಿದ ಡೆಸ್ಕಿನವರನ್ನು ಹೆಂಡತಿಯ ಮುಂದೆ ಜೋರಾಗಿ ಬೈದೆ.

"ಕಡೀ ಸಾಲಿಗೇ ಕತ್ತರಿ ಬೀಳತೈತಿ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?" ಎಂದಳು.

ಉತ್ತರವಾಗಿ ನಾನು ಪತ್ರಿಕಾಧರ್ಮದ ಬಗ್ಗೆ ಸಾಕಷ್ಟು ಹೊತ್ತು ಮಾತನಾಡಿದೆ. ಚೆನ್ನಾಗಿಯೇ ಮಾತನಾಡಿದೆ.